ಬಾಗಿಲಿನಿಂದ ಹಾಕಿದ ನೆಲ

ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಮಲಗುವ ಕೋಣೆಯಲ್ಲಿ ಚಹಾ ಮಾಡಿದೆ. ಒಲೆ ಅಲ್ಲೇ ಇತ್ತು. ಗಂಡ ಅಡುಗೆಮನೆಯ ನೆಲ ಕಿತ್ತು ಮೂರು ವಾರವಾಗಿತ್ತು.

ಅತ್ತೆ ಈ ಮನೆಗೆ ಬರುವ ಮೊದಲೇ ಇದ್ದ ಟೈಲುಗಳು ಅವು. ನಡುವೆ ನೆಲ ಕುಸಿದು, ಚೆಲ್ಲಿದ ನೀರು ಅಲ್ಲೇ ನಿಲ್ಲುತ್ತಿತ್ತು. ಒಂದೊಂದನ್ನೇ ಬಿಡಿಸಿ, ಬೆನ್ನಿಗಂಟಿದ ಗಾರೆ ಕೆರೆದು, ಹಿತ್ತಲ ಗೋಡೆಗೆ ಒರಗಿಸಿಟ್ಟಿದ್ದ. ತಳವನ್ನು ಸಿಮೆಂಟಿನಿಂದ ಮಟ್ಟ ಮಾಡಿದ್ದ. ವಾಪಸ್ ಕೂರಿಸುವುದೊಂದೇ ಬಾಕಿ. ಅಷ್ಟರಲ್ಲಿ ಒಂದು ಮಧ್ಯಾಹ್ನ, ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನು ಏಳಲಿಲ್ಲ.

ಅತ್ತೆ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನಮ್ಮನೇಲಿ ನೆಲ ನಿಜವಾಗ್ಲೂ ಡೊಂಕಿತ್ತು. ಸರಿ ಮಾಡೋಕೆ ಹೋದವನೇ ಇಲ್ಲ."

ನನಗೆ ಅಳು ಬರಲಿಲ್ಲ. ಆ ವಾರವಿಡೀ ಬಂದಿರಲಿಲ್ಲ.

ಹತ್ತು ಗಂಟೆಗೆ ಭಾವ ಬಂದರು. ಹೆಗಲ ಮೇಲೆ ಮರದ ಬಣ್ಣದ ವಿನೈಲ್ ಹಾಳೆಯ ಸುರುಳಿ.

"ಇದನ್ನ ಹಾಸಿಬಿಟ್ರೆ ಅರ್ಧ ಗಂಟೆ ಕೆಲಸ. ಶನಿವಾರ ಬಾಡಿಗೆಯವರು ಮನೆ ನೋಡೋಕೆ ಬರ್ತಾರೆ. ಅಮ್ಮ ನಮ್ಮನೇಲಿರ್ತಾರೆ. ನೀನು ನಿಮ್ಮಮ್ಮನ ಹತ್ರ ಹೋಗಮ್ಮ. ಇಲ್ಲಿ ಒಬ್ಬಳೇ ಏನ್ ಮಾಡ್ತೀಯ?"

"ಟೈಲು ಹಾಕ್ತೀನಿ."

"ಕೇಳಿದ್ಯಾ ಅಮ್ಮ? ಎಂ.ಎ. ಓದಿದವಳು ಗಾರೆ ಕೆಲಸ ಮಾಡ್ತಾಳಂತೆ."

"ಓದಿ ಏನು ಕಡಿದು ಕಟ್ಟೆ ಹಾಕಿದೆ ಅಂತ ನೀವೇ ಕೇಳ್ತಿದ್ರಲ್ಲ ಭಾವ. ಕಟ್ಟೆ ಬೇಡ, ನೆಲ ಹಾಕ್ತೀನಿ."

ಅತ್ತೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಮನೆ ಅವರ ಹೆಸರಿನಲ್ಲಿತ್ತು. ಭಾವ ಹೋದ ಮೇಲೆ ಸುರುಳಿಯನ್ನು ಎಳೆದುಕೊಂಡು ಹೋಗಿ ಅಂಗಳದಲ್ಲಿಟ್ಟೆ.

ಟೈಲುಗಳನ್ನು ನೀರಿನಲ್ಲಿ ನೆನೆಸಿದೆ. ಗಾರೆಯನ್ನು ಗಟ್ಟಿ ಮೊಸರಿನ ಹದಕ್ಕೆ ಕಲಸಿದೆ. ಒಂದು ಟೈಲು ಇಡುವುದು, ಮರದ ಸುತ್ತಿಗೆಯಿಂದ ತಟ್ಟುವುದು, ಮಟ್ಟ ತೋರುವ ರಸಮಟ್ಟ ಇಟ್ಟು, ಅದರ ಗಾಜಿನ ನಳಿಕೆಯೊಳಗಿನ ಗುಳ್ಳೆ ನಡುವೆ ನಿಲ್ಲುವವರೆಗೆ ಮತ್ತೆ ತಟ್ಟುವುದು. ಮೊದಲ ದಿನ ಆರೇ ಆರು. ಎರಡನ್ನು ಒಡೆದೆ. ಮೂರನೆಯ ದಿನಕ್ಕೆ ಕೈ ಕೂತಿತು. ಬೆರಳ ತುದಿಗಳ ಚರ್ಮ ಹೋಯಿತು.

ಶನಿವಾರ ಮಧ್ಯಾಹ್ನ ಹಿತ್ತಲ ಬಾಗಿಲ ಬಳಿ ಕೊನೆಯ ಸಾಲಿಗೆ ಬಂದಾಗ ತಪ್ಪು ತಿಳಿಯಿತು. ಬಲ್ಲವರು ಒಳಗಿನ ಮೂಲೆಯಿಂದ ಹಾಕುತ್ತ, ಹಿಂದೆ ಸರಿಯುತ್ತ ಹಜಾರದ ಬಾಗಿಲಿಗೆ ಬರುತ್ತಾರೆ. ನಾನು ಬೆಳಕಿದೆಯೆಂದು ಆ ಬಾಗಿಲಿನಿಂದಲೇ ಶುರು ಮಾಡಿದ್ದೆ. ಹಾಕಿದ ಸಾಲುಗಳ ಸಂದುಗಳಿಗೆ ಆ ಬೆಳಿಗ್ಗೆಯಷ್ಟೇ ಸಿಮೆಂಟು ತುಂಬಿದ್ದೆ; ನನಗೂ ಮನೆಗೂ ನಡುವೆ ಇಡೀ ಹಸಿ ನೆಲ.

ಆ ಬಾಗಿಲಿಗೇ ಭಾವ ಬಂದು ನಿಂತರು. ಹಿಂದೆ, ಬಾಡಿಗೆಗೆ ಮನೆ ನೋಡಲು ಬಂದ ಗಂಡ ಹೆಂಡತಿ.

"ಅಲ್ಲೇ ನಿಲ್ಲಿ. ಎರಡು ದಿನ ಯಾರೂ ಕಾಲಿಡೋ ಹಾಗಿಲ್ಲ."

ಹೆಂಗಸು ಇಣುಕಿದಳು. "ನೆಲ ಚೆನ್ನಾಗಿದೆ ರೀ. ಮನೆ ಯಾವಾಗ ಖಾಲಿ ಆಗುತ್ತೆ?"

"ಆಗಲ್ಲ."

"ಹಟ ಬೇಡಮ್ಮ," ಎಂದರು ಭಾವ. "ಈಚೆ ಬಾ, ಮಾತಾಡೋಣ."

"ಇಲ್ಲಿಗೇ ಕೇಳಿಸುತ್ತೆ, ಹೇಳಿ. ನಾನು ಈ ಮನೆ ಬಿಡಲ್ಲ."

ಭಾವ ಒಳಗಿಡಲು ಕಾಲೆತ್ತಿದರು. ನಾನು ಸುತ್ತಿಗೆ ಹಿಡಿದೇ ಎದ್ದು ನಿಂತೆ.

"ಕಾಲು ತೆಗೆಯೋ!" ಹಜಾರದಿಂದ ಅತ್ತೆಯ ದನಿ. "ನಾಲ್ಕು ದಿನದಿಂದ ಮೊಣಕಾಲೂರಿ ಹಾಕಿದ್ದಾಳೆ. ತುಳಿದರೆ ನೀನೇ ಕೂತು ಹಾಕ್ಬೇಕು. ನಾನೂ ಎಲ್ಲಿಗೂ ಬರಲ್ಲ, ಮನೆಯೂ ಬಾಡಿಗೆಗಿಲ್ಲ. ಆ ಹಾಳೆ ನಿನ್ನ ಕಾರಿಗೆ ಹಾಸ್ಕೋ."

ಮನೆ ನೋಡಲು ಬಂದ ಗಂಡಸು ಕೆಮ್ಮಿ ನಗು ನುಂಗಿದ.

ಸೋಮವಾರ ಒಲೆಯನ್ನು ಅದರ ಜಾಗಕ್ಕೆ ತಂದೆವು. ಆಮೇಲೆ ನಾನು ರಸಮಟ್ಟ ತೆಗೆದುಕೊಂಡು ಬೀದಿ ತುದಿಯ ಮೇಸ್ತ್ರಿಯ ಮನೆಗೆ ಹೋದೆ. ಗಂಡ ಅದನ್ನು ಅವರಿಂದ ಎರವಲು ತಂದಿದ್ದ.

ಮೇಸ್ತ್ರಿ ಅದನ್ನು ಕೈಗೆ ತೆಗೆದುಕೊಂಡರು. "ಕೆಲಸ ಅರ್ಧಕ್ಕೇ ನಿಂತಿತಲ್ಲಮ್ಮ. ನಾನೇ ಬಂದು ಮುಗಿಸಿಕೊಡ್ತಿದ್ದೆ."

"ಮುಗೀತು. ನಾನೇ ಹಾಕಿದೆ. ಬಾಗಿಲ ಕಡೆಯಿಂದ."

"ಬಾಗಿಲ ಕಡೆಯಿಂದ? ಹಾಗೆ ಯಾರೂ ಹಾಕಲ್ಲಮ್ಮ!"

"ಗೊತ್ತಾಯ್ತು."

ರಸಮಟ್ಟದ ಗಾಜಿನ ಅಂಚಿನಲ್ಲಿ ಒಂದು ಚೂರು ಗಾರೆ ಒಣಗಿತ್ತು. ಅವರು ಹೆಬ್ಬೆರಳಿನಿಂದ ತಿಕ್ಕಿದರು. "ನಿಮ್ಮ ಯಜಮಾನರು ಸಾಮಾನು ಇಷ್ಟು ಗಲೀಜು ಮಾಡ್ತಿರಲಿಲ್ಲ."

"ಆ ಗಾರೆ ನನ್ನದು," ಎಂದೆ.