ಚಂದ್ರಾವತಿಯವರ ಹನ್ನೆರಡು ಪದಗಳು

ಕೊಚ್ಚಿಯ ಒಂದು ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಚಂದ್ರಾವತಿಯವರಿಗೆ ಚಿತ್ರ ಬಿಡಿಸುವ ಹುಚ್ಚು. ಊರು ಕಾಸರಗೋಡಿನ ಹತ್ತಿರ. ಗಂಡ ಕಮಲಾಕ್ಷರಿಗೆ ಅಂಬಲಮುಗಳ್‌ನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಕೆಲಸ. ಸಂಜೆ ಚಹಾ ಕುಡಿದ ಮೇಲೆ ಚಂದ್ರಾವತಿ ಮೊಬೈಲಿನ ಮೇಲೆ ಬೆರಳಾಡಿಸುತ್ತ ದೋಣಿ, ಬೆಕ್ಕು, ಮೀನು ಮಾರುವ ಚೇಚಿಯರು, ಅಂದರೆ ಮಲಯಾಳಿ ಅಕ್ಕಂದಿರು, ಎಂದು ಏನಾದರೊಂದು ಬರೆಯುತ್ತಿದ್ದರು.

ಅವರ ಅಣ್ಣನ ಮಗಳು ಪ್ರತೀಕ್ಷಾ ತಿರುವನಂತಪುರದ ಕಳಕ್ಕೂಟಂನಲ್ಲಿ ಐಟಿ ಉದ್ಯೋಗಿ. ಆ ಚಿತ್ರಗಳನ್ನು ಅಂತರ್ಜಾಲದಲ್ಲಿ ಮಾರಾಟಕ್ಕೆ ಇಡಲು ಕಲಿಸಿದವಳು ಅವಳೇ. ಈಥರ್ ಎಂಬ ಡಿಜಿಟಲ್ ಹಣ ಇಡುವ ವಾಲೆಟ್ ಆ್ಯಪ್ ಹಾಕಿಸಿ, ವಾಲೆಟ್ಟಿನ ಕೀಲಿಯಾಗಿ ಅದು ತೋರಿಸಿದ ಹನ್ನೆರಡು ಗುಪ್ತ ಪದಗಳನ್ನು ಡೈರಿಯಲ್ಲಿ ಬರೆಸಿದ್ದಳು.

ಒಂದು ಶನಿವಾರ ಬೆಳಿಗ್ಗೆ ಚಂದ್ರಾವತಿ ಅಡುಗೆಮನೆಯಿಂದಲೇ ಕೂಗಿದರು. "ಇಲ್ಲಿ ಕೇಳಿ! ನನ್ನ ಬೆಕ್ಕು ಜಪಾನಿಗೆ ಹೋಯ್ತು! ಯಾರೋ ತೆಗೊಂಡಿದ್ದಾರೆ!"

"ಹಣ ಬಂತಾ?" ಎಂದರು ಕಮಲಾಕ್ಷ.

"ಬಂದುಂಟು. ಆದ್ರೆ ಈಥರ್ ಅಲ್ಲ, ರ‍್ಯಾಪ್ಡ್ ಈಥರ್ ಅಂತ ತೋರಿಸ್ತದೆ."

"ಅದೆಂತದು? ಡೂಪ್ಲಿಕೇಟ್ ಇರ್ಬೇಕು. ಬಿಟ್ಟುಬಿಡು ಮಾರಾಯ್ತಿ."

ಚಂದ್ರಾವತಿಗೆ ಬಿಡಲು ಮನಸ್ಸಿಲ್ಲ. ಅದು ಅವರ ಚಿತ್ರಕ್ಕೆ ಬಂದ ಮೊದಲ ಸಂಪಾದನೆ. ಅದರಲ್ಲಿ ಚಿತ್ರ ಬರೆಯುವ ಟ್ಯಾಬ್ಲೆಟ್ ಕೊಳ್ಳುವ ಆಸೆ. ಅದನ್ನು ಮಾಮೂಲಿ ಈಥರ್ ಮಾಡಲು ಹೋದರೆ, ಶುಲ್ಕಕ್ಕೆ ಈಥರ್ ಸಾಲದು ಎಂದು ಆ್ಯಪ್ ಹೇಳಿತು. ಫೋನಿನ ಒಂದು ಗುಂಪಿನಲ್ಲಿ ಪ್ರಶ್ನೆ ಹಾಕಿದರು. ನಿಮಿಷದೊಳಗೆ 'ಸಹಾಯ ಕೇಂದ್ರದ ಆದರ್ಶ್' ಎಂಬಾತನ ಸಂದೇಶ ಬಂತು. "ಮೇಡಂ, ಈ ಲಿಂಕಿನಲ್ಲಿ ನಿಮ್ಮ ಹನ್ನೆರಡು ಪದ ಹಾಕಿ. ಉಚಿತವಾಗಿ ಬದಲಾಯಿಸಿ ಕೊಡ್ತೇವೆ."

ಚಂದ್ರಾವತಿ ಡೈರಿ ತೆರೆದು ಒಂದೊಂದೇ ಪದ ಹಾಕಿದರು. ಒಂಬತ್ತು ಮುಗಿಯಿತು. ಹತ್ತನೆಯದರ ಮೇಲೆ ಸಾಂಬಾರು ಬಿದ್ದು ಅಕ್ಷರ ಕಲಸಿಹೋಗಿತ್ತು. ಪ್ರತೀಕ್ಷಾಗೆ ಫೋನ್ ಮಾಡಿದರು.

"ಹತ್ತನೇ ಪದ ಯಾವುದು, ನಿಂಗೆ ನೆನಪುಂಟಾ?"

"ನಾನು ನೋಡ್ಲೇ ಇಲ್ಲ ಅತ್ತೆ, ನೋಡ್ಲೂಬಾರದು. ಈಗ ಎಂತಕ್ಕೆ ಅದು?"

ಅತ್ತೆ ವಿಷಯ ಹೇಳಿದರು. ಆ ಕಡೆಯಿಂದ ಪ್ರತೀಕ್ಷಾ ಕಿರುಚಿದಳು. "ಆ ಪೇಜು ಮುಚ್ಚಿ! ಈಗಲೇ!"

"ನಾನಿನ್ನೂ ಬಟನ್ ಒತ್ತಲಿಲ್ಲ."

"ಒತ್ತದಿದ್ರೂ ನೀವು ಬರೆದದ್ದು ಅವರಿಗೆ ಸಿಕ್ಕಿರಬಹುದು. ಒಂಬತ್ತು ಸಿಕ್ಕಿದ್ರೆ ಉಳಿದ ಮೂರನ್ನು ಕಂಪ್ಯೂಟರ್ ಹುಡುಕಿ ಕೊಡ್ತದೆ. ಆಮೇಲೆ ವಾಲೆಟ್ಟೇ ಖಾಲಿ."

ಚಂದ್ರಾವತಿ ಪೇಜು ಮುಚ್ಚಿದರು. "ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ದಿನಾ ಕೌಂಟರಿನಲ್ಲಿ ಹೇಳುವವಳು ನಾನು! ಜನಕ್ಕೆ ಗೊತ್ತಾದ್ರೆ ನನ್ನ ಮರ್ಯಾದೆ ಎಲ್ಲಿ ಉಳೀತದೆ?"

"ಮರ್ಯಾದೆ ಮತ್ತೆ ನೋಡುವ. ಮೊದಲು ಹೊಸ ಪದಗಳಿರುವ ಹೊಸ ವಾಲೆಟ್ ಮಾಡಿ. ಸಾಗಿಸುವ ಶುಲ್ಕಕ್ಕೆ ಬೇಕಾದ ಚೂರು ಈಥರ್ ಹಳೆಯದಕ್ಕೆ ನಾನು ಕಳಿಸ್ತೇನೆ."

ಚಂದ್ರಾವತಿ ಹೊಸ ವಾಲೆಟ್ ಮಾಡಿ, ಹೊಸ ಪದಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡರು. ಕಮಲಾಕ್ಷ ಕನ್ನಡಕ ಏರಿಸಿ ಪಕ್ಕದಲ್ಲಿ ಕುಳಿತು, ಹೊಸ ವಾಲೆಟ್ಟಿನ ವಿಳಾಸವನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು. ಹಳೆಯದರಲ್ಲಿದ್ದ ರ‍್ಯಾಪ್ಡ್ ಈಥರ್ ಅರ್ಧ ಗಂಟೆಯೊಳಗೆ ಹೊಸದಕ್ಕೆ ಬಂದು ಕೂತಿತು. ಆಗ ಫೋನಿನಲ್ಲೇ ಇದ್ದ ಪ್ರತೀಕ್ಷಾ ಸೇರಿ ಮೂವರೂ ಉಸಿರು ಬಿಟ್ಟರು.

ಮರುದಿನ ಗಂಡ ಹೆಂಡತಿ ಇಬ್ಬರೂ ರೈಲು ಹತ್ತಿ ಕಳಕ್ಕೂಟಂಗೆ ಹೋದರು. ಪ್ರತೀಕ್ಷಾ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಕರಿ ಮಾಡಿಟ್ಟಿದ್ದಳು. ತಟ್ಟೆ ಕೈಗೆ ಬರುವ ಮೊದಲೇ ಕಮಲಾಕ್ಷ ಕೇಳಿದರು, "ಒಂದು ಹೇಳು ಮಗಾ, ಈ ರ‍್ಯಾಪ್ಡ್, ಅಂದ್ರೆ ಸುತ್ತಿದ ಈಥರ್ ಸಾಚಾವಾ?"

"ರೈಲ್ವೆ ಸ್ಟೇಷನ್ನಿನಲ್ಲಿ ಬ್ಯಾಗು ಕೊಟ್ರೆ ಚೀಟಿ ಕೊಡ್ತಾರಲ್ಲ ಮಾವ? ಹಾಗೆ. ನಿಜವಾದ ಈಥರ್ ಒಂದು ಕಡೆ ಬೀಗ ಹಾಕಿ ಕೂತಿರ್ತದೆ, ನಿಮ್ಮ ಕೈಯಲ್ಲಿರುವುದು ಚೀಟಿ. ಕೆಲವು ಮಾರಾಟಕ್ಕೆ ಚೀಟಿಯೇ ಬೇಕಾಗ್ತದೆ. ಚೀಟಿ ವಾಪಸ್ ಕೊಟ್ರೆ ಬ್ಯಾಗು ನಿಮ್ಮದು. ಅದಕ್ಕೇ ಅನ್‌ರ‍್ಯಾಪ್ ಅನ್ನುವುದು."

"ಎಷ್ಟು ಹಿಡ್ಕೊಳ್ತಾರೆ?"

"ಒಂದಕ್ಕೆ ಒಂದು. ಈಥರ್ ಓಡಾಡುವ ನೆಟ್‌ವರ್ಕಿನ ಶುಲ್ಕ ಮಾತ್ರ ಬೇರೆ. ಅದನ್ನು ಮಾಮೂಲಿ ಈಥರಿನಲ್ಲೇ ಕೊಡ್ಬೇಕು. ನಿನ್ನೆ ಅತ್ತೆ ಹತ್ರ ಇಲ್ಲದ್ದು ಅದೊಂದೇ. ಇವತ್ತಿಗೆ ಬೇಕಾದಷ್ಟು ಹೊಸ ವಾಲೆಟ್ಟಿಗೂ ಕಳಿಸಿದ್ದೇನೆ."

ವಾಲೆಟ್ ಯಾವ ನೆಟ್‌ವರ್ಕಿನಲ್ಲಿದೆ ಎಂದು ಪ್ರತೀಕ್ಷಾ ಮೊದಲು ನೋಡಿಸಿದಳು. "ಬೇರೆ ನೆಟ್‌ವರ್ಕ್ ಆದ್ರೆ ದಾರಿ ಬೇರೆ, ಅವಸರ ಮಾಡ್ಬಾರದು," ಎಂದಳು. ಹೊರಗಿನ ಯಾವ ಲಿಂಕೂ ಬೇಕಾಗಲಿಲ್ಲ. ಆ್ಯಪಿನ ಒಳಗೇ ಬದಲಾಯಿಸುವ ಜಾಗ ಇತ್ತು. ಶುಲ್ಕ ಎಷ್ಟು, ಕೈಗೆ ಎಷ್ಟು ಬರುತ್ತದೆ ಎಂದು ಚಂದ್ರಾವತಿ ಎರಡು ಸಲ ಓದಿ, ತಮ್ಮ ಬೆರಳಿನಿಂದಲೇ ಒಪ್ಪಿಗೆ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲೆ 'ರ‍್ಯಾಪ್ಡ್' ಎಂಬುದು ಹೋಗಿ ಬರೀ ಈಥರ್ ಉಳಿಯಿತು.

"ಅಷ್ಟೇ ಉಂಟು! ಕಮ್ಮಿ ಆಗ್ಲಿಲ್ಲ!" ಎಂದು ಕಮಲಾಕ್ಷ ಹೆಂಡತಿಯ ಬೆನ್ನು ತಟ್ಟಿದರು. "ಇನ್ನು ಹನ್ನೆರಡು ಪದ ಕೇಳಿದವನಿಗೆ ನಾನೇ ಉತ್ತರ ಕೊಡ್ತೇನೆ."

"ಉತ್ತರವೂ ಬೇಡ ಮಾವ, ಬ್ಲಾಕ್ ಮಾಡಿ. ಮತ್ತೆ ಅತ್ತೆ, ಇದನ್ನು ರೂಪಾಯಿ ಮಾಡುವಾಗ ಸರಕಾರದಲ್ಲಿ ನೋಂದಾಯಿಸಿದ ಕಡೆಯೇ ಮಾರಿ. ತೆರಿಗೆ ಲೆಕ್ಕದಲ್ಲೂ ತೋರಿಸಿ."

"ಅದು ನಿನಗಿಂತ ನನಗೆ ಚೆನ್ನಾಗಿ ಗೊತ್ತುಂಟು!" ಎಂದು ಚಂದ್ರಾವತಿ ನಕ್ಕರು. ಆಮೇಲೆ ಮೂವರೂ ಪುಟ್ಟಿಗೆ ಕೈ ಹಾಕಿದರು.

ಓದುಗರೇ, ನಿಮ್ಮ ವಾಲೆಟ್ಟಿನಲ್ಲೂ ಇಂಥ ಸುತ್ತಿದ ಟೋಕನ್ ಇದ್ದರೆ ಗಾಬರಿ ಬೇಡ. ಅದನ್ನು ಮೂಲ ರೂಪಕ್ಕೆ ತರಲು ಹನ್ನೆರಡು ಪದಗಳನ್ನು ಯಾರಿಗೂ ಕೊಡಬೇಕಾಗಿಲ್ಲ. ಸಹಾಯ ಕೇಂದ್ರದವರಿಗೂ ಬೇಡ, ಸ್ವಂತ ಅಣ್ಣನ ಮಗಳಿಗೂ ಬೇಡ. ಒಂದು ವೇಳೆ ಎಲ್ಲಾದರೂ ಬರೆದುಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ಉಳಿದದ್ದನ್ನು ತಕ್ಷಣ ಹೊಸ ವಾಲೆಟ್ಟಿಗೆ ಸಾಗಿಸಿ. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಮೋಸಗಾರ ನಂಬಿಕೊಂಡಿರುವುದೇ ನಿಮ್ಮ ನಾಚಿಕೆಯನ್ನು. ತಿಳಿದವರೊಬ್ಬರಿಗೆ ನಡೆದದ್ದನ್ನು ಇವತ್ತೇ ಬಾಯಿಬಿಟ್ಟು ಹೇಳಿ.