ಹಳೆ ಬಟ್ಟೆಯ ಇಳಿಜಾರು ಹಲಗೆ

ಮನೆಯ ಮುಂದೆ ಇರುವುದು ಮೂರೇ ಮೆಟ್ಟಿಲು. ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದ ಅಮ್ಮ ಆ ಮೆಟ್ಟಿಲು ದಾಟಿ ಬೀದಿ ನೋಡಿ ಐದು ತಿಂಗಳಾಗಿತ್ತು. ಮರದ ಇಳಿಜಾರು ಹಲಗೆಯೇನೋ ಇತ್ತು. ಅದನ್ನು ಎತ್ತಿ ಹಾಕಲು ಇಬ್ಬರು ಗಟ್ಟಿ ಆಳು ಬೇಕು. ಹಗಲಲ್ಲಿ ಅಮ್ಮನ ಜೊತೆ ಇರುವವಳು ಸೊಸೆಯೊಬ್ಬಳೇ.

ಒಂದು ಭಾನುವಾರ, ಹಲಗೆ ಕಾರ್ಖಾನೆಯಲ್ಲಿ ದುಡಿಯುವ ಮಗಳು ಹೊಸ ಹಲಗೆಯೊಂದನ್ನು ಒಂದೇ ಕೈಯಲ್ಲಿ ಹಿಡಿದು ತಂದಳು.

"ಇದೇನೇ, ಗಾಳೀಲಿ ಹಾರ್ಕೊಂಡು ಬಂತಾ?" ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿರುವ ಅಣ್ಣ ನಕ್ಕ.

"ಹಳೇ ಹತ್ತಿ ಬಟ್ಟೆ ಕಣೋ ಅಣ್ಣ. ಪದರ ಪದರವಾಗಿ ಅಂಟಲ್ಲಿ ಅದ್ದಿ, ಮಧ್ಯೆ ಪ್ಯಾಕಿಂಗ್‌ನಲ್ಲಿ ಬರೋ ಫೋಮ್ ಇಟ್ಟು ಒತ್ತೋದು. ಹೋದ ತಿಂಗಳು ನೀನು ಚೀಲದಲ್ಲಿ ತುಂಬಿ ಕೊಟ್ಟ ಬಟ್ಟೇನೂ ಇದರಲ್ಲಿದೆ."

"ನನ್ನ ಹರಕು ಅಂಗಿ ಮೇಲೆ ಅಮ್ಮನ್ನ ಹತ್ತಿಸ್ತೀಯಾ?"

"ನಿಮ್ಮ ಮಾತು ಸಾಕು, ನನ್ನ ಹೊರಗೆ ಕರ್ಕೊಂಡು ಹೋಗಿ," ಎಂದ ಅಮ್ಮ ಕುರ್ಚಿಯ ಬ್ರೇಕ್ ಬಿಚ್ಚಿಯೇಬಿಟ್ಟಳು.

"ತಡೀಮ್ಮ. ಮೊದಲು ಮರಳಿನ ಚೀಲ ಇಟ್ಟು ನೋಡೋಣ," ಎಂದಳು ಮಗಳು.

ಅಮ್ಮ, ಕುರ್ಚಿ ಸೇರಿ ಎಪ್ಪತ್ತು ಕಿಲೊ. ಅದರ ಎರಡರಷ್ಟು ಭಾರ ಇಟ್ಟು ನೋಡುವುದು ಕಾರ್ಖಾನೆಯ ಪದ್ಧತಿ. ತಂಗಿ ಹಲಗೆಯನ್ನು ಮೆಟ್ಟಿಲಿಗೆ ಹಾಕಿ, ಇಪ್ಪತ್ತು ಕಿಲೊದ ಮರಳಿನ ಚೀಲಗಳನ್ನು ಒಂದೊಂದಾಗಿ ಅದರ ಮೇಲಿಟ್ಟಳು. ಮೂರನೆಯದಕ್ಕೇ ಫಟ್ ಎಂದಿತು. ಹಲಗೆ ನಡುವೆ ಬಾಯಿಬಿಟ್ಟು, ಚೀಲಗಳು ಮೆಟ್ಟಿಲಿಗೆ ಬಿದ್ದು ಒಡೆದವು.



"ಅಯ್ಯೋ ದೇವರೇ... ಈಗಷ್ಟೇ ನಾನು ಅದರ ಮೇಲೆ..." ಅಮ್ಮ ಕುರ್ಚಿಯ ಬ್ರೇಕ್ ಮತ್ತೆ ಹಾಕಿದಳು.

"ಎಸಿ ಇದನ್ನ! ಕಸದಿಂದ ಮಾಡಿದ್ದು ಕಸಾನೇ!" ಅಣ್ಣ ಕೂಗಾಡಿದ.

ತಂಗಿ ಮುರಿದ ಜಾಗವನ್ನು ಉಗುರಿನಿಂದ ಎಬ್ಬಿಸಿದಳು. ಪದರಗಳು ಸಲೀಸಾಗಿ ಬಿಟ್ಟುಕೊಂಡವು. ಒಳಗೆ ಅಂಗೈಯಗಲದ ಕಪ್ಪು ಕಲೆ. ಮೂಸಿ ನೋಡಿ, ಆ ತುಂಡನ್ನು ಅಣ್ಣನ ಕೈಗಿಟ್ಟಳು.

ಅವನೂ ಮೂಸಿದ. "ಎಂಜಿನ್ ಆಯಿಲ್."

"ಕೈ ಒರೆಸಿದ ಬಟ್ಟೇನೂ ತುರುಕಿದ್ಯಾ?"

"ಹೇಗೂ ಹಳೇ ಬಟ್ಟೆ ಅಲ್ವಾ ಅಂತ... ನೀವು ನೋಡಲ್ವಾ?"

"ಪ್ರತಿ ಚೀಲಾನೂ ಬಿಚ್ಚಿ ನೋಡ್ತೀವಿ. ಇದು ನಮ್ಮನೇದು ಅಂತ ನಾನು ಬಿಚ್ಚಲಿಲ್ಲ." ಕಲೆಯಿಲ್ಲದ ಇನ್ನೊಂದು ತುಂಡು ಎತ್ತಿಕೊಂಡು ಹೇಳಿದಳು, "ಎಣ್ಣೆ ಇದ್ದ ಕಡೆ ಅಂಟು ಹಿಡಿಯಲ್ಲ. ಇಲ್ಲದ ಕಡೆ ಎಷ್ಟು ಗಟ್ಟಿ ಅಂತ ನೀನೇ ನೋಡು."

ಅದನ್ನು ಎರಡು ಇಟ್ಟಿಗೆಗಳ ಮೇಲಿಟ್ಟಳು. ಅಣ್ಣ ಹತ್ತಿ ನಿಂತ. ಕುಣಿದ. ಅದು ಮಿಸುಕಲಿಲ್ಲ.

ಮುಂದಿನ ಹಲಗೆಗೆ ಬಟ್ಟೆಯನ್ನು ಅವನೇ ಒಂದೊಂದಾಗಿ ಬಿಡಿಸಿ, ಮೂಸಿ ಆರಿಸಿದ. "ನಿನ್ನ ಮೂಗಿಗೆ ಕೊನೆಗೂ ಒಂದು ಕೆಲಸ ಸಿಕ್ತು ಬಿಡು," ಎಂದಳು ಅಮ್ಮ. ನೂರನಲವತ್ತು ಕಿಲೊ ಮರಳನ್ನು ಆ ಹಲಗೆ ಇಡೀ ದಿನ ಹೊತ್ತಿತು. ಮರುದಿನ ಸೊಸೆ ಒಬ್ಬಳೇ ಅದನ್ನು ಎತ್ತಿ ಹಾಕಿದಳು. ಅಮ್ಮ ಬೀದಿಗೆ ಇಳಿದಳು.

ನೀವು ಕೊಡುವ ಹಳೆ ಬಟ್ಟೆ ನಾಳೆ ಯಾರದೋ ಭಾರ ಹೊರುತ್ತದೆ. ಒಗೆದು ಚೆನ್ನಾಗಿ ಒಣಗಿಸಿದ್ದನ್ನಷ್ಟೇ ಕೊಡಿ. ಎಣ್ಣೆ, ಗ್ರೀಸ್, ಮೇಣ ತಾಗಿದ ಬಟ್ಟೆಯನ್ನು ಬೇರೆ ಚೀಲದಲ್ಲಿಟ್ಟು, ಮೇಲೆ ಹಾಗೆಂದು ಬರೆಯಿರಿ. ಇಂಥ ಹಲಗೆ ಕೊಳ್ಳುವಾಗ ಎಷ್ಟು ಭಾರ ಇಟ್ಟು ನೋಡಿದ್ದೀರಿ ಎಂದು ಕೇಳಿ. ಉತ್ತರ ಬಾರದಿದ್ದರೆ ಅದರ ಮೇಲೆ ಯಾರನ್ನೂ ಹತ್ತಿಸಬೇಡಿ.