ಅಂದಾನೆಪ್ಪನವರ ನೀರೊಳಗಿನ ಬೆಳೆ

ಮೀನಿಗೆ ಕಣ್ಣುರೆಪ್ಪೆ ಇಲ್ಲ. ಶಾಲೆಯ ಮಕ್ಕಳಿಗೂ ಗೊತ್ತಿರಬೇಕಾದ ಸಂಗತಿ ಇದು. ಆದರೂ ಬೈಲಹೊಂಗಲದಿಂದ ರಾಮದುರ್ಗದವರೆಗೆ ಯಾವ ಬಟ್ಟೆಯಂಗಡಿ, ಯಾವ ಖಾನಾವಳಿಯ ಗಲ್ಲೆಯ ಪಕ್ಕ ನೋಡಿದರೂ ಗಾಜಿನ ಪೆಟ್ಟಿಗೆಯೊಂದರಲ್ಲಿ ನೇರಳೆ ದೀಪ ಹಗಲಿರುಳೂ ಉರಿಯುತ್ತಿರುತ್ತದೆ, ಪ್ಲಾಸ್ಟಿಕ್ಕಿನ ಗುಲಾಬಿ ಹುಲ್ಲಿನ ನಡುವೆ ಕಣ್ಣು ಮುಚ್ಚಲಾರದ ಜೀವಗಳು ಸುತ್ತುತ್ತಿರುತ್ತವೆ, ನಾವು ಅದರೆದುರು ನಿಂತು ಬಡೇಸೋಪು ಅಗಿಯುತ್ತಿರುತ್ತೇವೆ. ಅದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಬೆನ್ನಿಗೇ ಸವದತ್ತಿಯ ಅಂದಾನೆಪ್ಪನವರು ನೆನಪಾಗಿ ಸಿಟ್ಟು ತುಸು ಇಳಿಯುತ್ತದೆ.

ಅವರು ಹತ್ತಿ ವ್ಯಾಪಾರಸ್ಥರು. ಹೂಲಿಯ ಹಾದಿಯಲ್ಲಿ ಒಂದಿಷ್ಟು ಎರೆಹೊಲವೂ ಇತ್ತು. ಡಾಂಬರು ರಸ್ತೆಯ ಮೇಲೂ ಬೆಳೆಯ ಸಾಲು ದಾಟುವವರಂತೆ ಕಾಲೆತ್ತಿ ಇಡುವ ನಡಿಗೆ, ಬೇಸಿಗೆಯಲ್ಲೂ ಮೈಬಿಡದ ಕಂದು ಉಣ್ಣೆಯ ಜಾಕೀಟು, ಅದರ ಕಿಸೆಯಿಂದ ಸದಾ ಇಣುಕುವ ಅರಳೆ, ಯಾವ ಮಾತು ಮುಗಿಸಿದರೂ ಕೊನೆಗೆ ಒತ್ತುವ 'ಸುಳ್ಳಲ್ಲ ಮತ್ತ' ಎಂಬ ಮೊಹರು. ವಾದದಲ್ಲಿ ಅವರು ಸೋತದ್ದನ್ನು ನಾನು ಕಂಡದ್ದು ಒಬ್ಬರ ಮುಂದೆ ಮಾತ್ರ: ಹೆಂಡತಿ ರಾಚವ್ವನವರ ಮುಂದೆ.

ಹುಬ್ಬಳ್ಳಿಯ ಯಾವುದೋ ದವಾಖಾನೆಯಲ್ಲಿ ನಿಜವಾದ ಗಿಡಗಳ ನಡುವೆ ಆಡುವ ಮೀನುಗಳನ್ನು ಕಂಡು ಮರುಳಾದ ಅಂದಾನೆಪ್ಪನವರು ಅರವತ್ತು ದಾಟಿದ ವಯಸ್ಸಿನಲ್ಲಿ ಸಣ್ಣ ಗಾಜಿನ ತೊಟ್ಟಿಯೊಂದನ್ನು, ಮೂರು ಬಗೆಯ ನೀರುಗಿಡಗಳನ್ನು, ಆರು ಮೀನುಗಳನ್ನು ಒಂದೇ ಸಲ ಮನೆಗೆ ತಂದರು. ಪತ್ರಿಕೆಗೆ ಬರೆಯುವ ನಾನೂ ಅಂದು ಅವರ ಪಡಸಾಲೆಯಲ್ಲಿದ್ದೆ.

"ಲಿಂಗಪೂಜಿ ಮಾಡೂ ಮನಿಯಾಗ ಮೀನೇನ್ರೀ?" ಎಂದರು ರಾಚವ್ವ.

"ತಿನ್ನಾಕಲ್ಲಬೇ, ನೋಡಾಕ!"

"ನೋಡಾಕಂತ ತಂದು ಸಾಯಿಸಿದ್ರ? ಈ ಹೊಸ್ತಿಲದೊಳಗ ಒಂದ ಮೀನ ಸತ್ತರೂ ಅವತ್ತ ಈ ಪೆಟಗಿ ಹೊರಗ. ಪೇಪರಿನವರ ಮುಂದ ಹೇಳೇನಿ ನೋಡ್ರಿ."

ಒಪ್ಪದೆ ಅವರಿಗೆ ಗತ್ಯಂತರವಿರಲಿಲ್ಲ. ಆಮೇಲೆ ಅವರು ಮಾಡಿದ ತಪ್ಪು ಅಪ್ಪಟ ಒಕ್ಕಲುತನದ ತಪ್ಪು. ಬಿಸಿಲು ಬಿದ್ದಷ್ಟೂ ಹತ್ತಿ ಕಾಯಿ ಕಟ್ಟುತ್ತದೆ. ನೀರುಗಿಡಕ್ಕೂ ಅದೇ ನ್ಯಾಯವೆಂದು ಗೋದಾಮಿನ ಭಾರಿ ದೀಪವನ್ನು ತಂದು ತೊಟ್ಟಿಯ ಮೇಲೆ ತೂಗಿಬಿಟ್ಟರು. ಜಾವಾ ಫರ್ನ್ ಎಂಬ ಗಿಡದ ಗಡ್ಡೆಗಳನ್ನು ಸಸಿ ನೆಟ್ಟು ಪಳಗಿದ ಬೆರಳುಗಳಿಂದ ಮರಳಿನಲ್ಲಿ ಆಳವಾಗಿ ಹುಗಿದು, ಬುಡ ಒತ್ತಿ ಭದ್ರಮಾಡಿದರು. ಕೆಲವೇ ದಿನಗಳಲ್ಲಿ ನೀರು ಪಾಚಿಗಟ್ಟಿ ಹಸಿರು ಗಂಜಿಯಾಯಿತು, ಹುಗಿದ ಗಡ್ಡೆಗಳು ಕೊಳೆತವು, ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ರಾಚವ್ವ ದಿನವೂ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಂದು, ಬೆರಳು ಮಡಿಚುತ್ತ ಮೀನು ಎಣಿಸಿ ಒಳಗೆ ಹೋಗುತ್ತಿದ್ದರು. ಬಯ್ಗುಳಕ್ಕಿಂತ ಭಯಂಕರವಾಗಿತ್ತು ಆ ಎಣಿಕೆ.

ಒಂದು ಬೆಳಿಗ್ಗೆ ಹೋದಾಗ ಅಂದಾನೆಪ್ಪನವರು ಜಾಕೀಟು ಸಮೇತ ಮೊಣಕೈವರೆಗೆ ನೀರಿನಲ್ಲಿದ್ದರು. ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡು ಎಲೆ ಚಿಗುರಿದ್ದ ಗಡ್ಡೆಯ ತುಣುಕೊಂದನ್ನು ತೋರಿಸಿದರು.

"ನೋಡ್ರಿಲ್ಲೆ. ಹುಗದದ್ದೆಲ್ಲಾ ಕೊಳತಾವ, ಕೈ ಜಾರಿ ಬಿದ್ದದ್ದೊಂದ ಚಿಗತೈತಿ. ನನ್ನ ಕೈಯಾ ಇದರ ವೈರಿ ಆತಲ್ರೀ!"

ಯಾರ ಮಾತೂ ಕೇಳದ ಮನುಷ್ಯ ಆ ಎಲೆಯ ಮಾತು ಕೇಳಿದರು. ಉಳಿದ ಗಡ್ಡೆಗಳನ್ನು ಮರಳಿನಿಂದ ಬಿಡಿಸಿ ಹತ್ತಿಯ ದಾರದಿಂದ ಕಲ್ಲಿಗೆ ಕಟ್ಟಿದರು; ದಪ್ಪ ಎಲೆಯ ಅನೂಬಿಯಾಸ್ ಕೂಡ ಕಲ್ಲನ್ನೇ ಬಯಸಿತು; ಹುಲ್ಲಿನಂತೆ ನೀಳವಾದ ವಾಲಿಸ್ನೇರಿಯಾ ಮಾತ್ರ ಮರಳು ಕೇಳಿ ಅವರ ಬೆರಳಿನ ಹಳೆಯ ಆಸೆ ತೀರಿಸಿತು. ಗೋದಾಮಿನ ದೀಪ ಗೋದಾಮಿಗೆ ಮರಳಿತು. ಅದರ ಜಾಗದಲ್ಲಿ ಒಂದು ಸಣ್ಣ ಬಿಳಿಯ ಎಲ್‌ಇಡಿ. ಹೊತ್ತೇರಿದ ಮೇಲೆ ಹಚ್ಚುವುದು, ರಾಚವ್ವ ದೇವರ ಮುಂದೆ ದೀಪವಿಡುವ ಹೊತ್ತಿಗೆ ಆರಿಸುವುದು. "ಬೆಳಕ ಅಂದ್ರ ಗಿಡಕ್ಕ ಊಟ ಇದ್ದಂಗ್ರಿ. ಇಡೀ ದಿನಾ ಉಣಿಸಿದ್ರ ಅಜೀರ್ಣ ಆಗೂದಿಲ್ಲೇನು? ಸುಳ್ಳಲ್ಲ ಮತ್ತ."

ಈ ನೇಮಕ್ಕೆ ಬೀಗರೂ ಹೊರತಾಗಿರಲಿಲ್ಲ. ರಾಚವ್ವನವರ ತಮ್ಮ ವೀರಪ್ಪ ರಾಮದುರ್ಗದಿಂದ ಒಮ್ಮೆ ಮುಸ್ಸಂಜೆಗೆ ಬಂದ.

"ಮಾಮಾರ, ಲೈಟ್ ಹಾಕ್ರಿ, ಮೀನ ನೋಡೋಣು."

"ಮಲಗ್ಯಾವ. ಮುಂಜಾನೆ ನೋಡೀಯಂತ."

"ಹೆಣ್ಣ ಕೊಟ್ಟ ಮನಿಯವರಕಿಂತ ಮೀನ ದೊಡ್ಡವು ಆದವೇನ್ರಿ?"

"ನೀ ಕಣ್ಣ ಮುಚ್ಚಿ ಗೊರಕಿ ಹೊಡೀತಿ ವೀರಪ್ಪಾ. ಅವಕ್ಕ ಆ ಭಾಗ್ಯ ಇಲ್ಲ."

ವೀರಪ್ಪ ಮುಖ ಊದಿಸಿಕೊಂಡ. ರಾಚವ್ವ ಸೆರಗು ಅಡ್ಡ ಹಿಡಿದು ನಕ್ಕರು. ದೀಪ ಹತ್ತಲಿಲ್ಲ.

ವರ್ಷಗಳು ಹೀಗೆ ಕಳೆದವು. ಒಂದು ಚಳಿಗಾಲದಲ್ಲಿ ಅಂಗಡಿಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು ಅವರು ದನಿ ತಗ್ಗಿಸಿದರು.

"ಮೀನ ಆರಿದ್ದವು, ಐದಾಗ್ಯಾವ. ನಾ ಏಳೂದ್ರಾಗ ಯಾರೋ ತಗದಾರ. ಹಿತ್ತಲದಾಗ ಪತ್ರಿ ಗಿಡದ ಬುಡಕ ಮಣ್ಣ ಹಸೀ ಐತಿ."

"ಅವ್ವಾರನ್ನ ಕೇಳಲಿಲ್ಲೇನ್ರಿ?"

"ಕೇಳಿದ್ರ ಆಕಿ ತನ್ನ ಮಾತಿಗೆ ನಿಲ್ಲಬೇಕಾಗತೈತಿ. ಪೆಟಗಿ ಹೊರಗ ಹೋಗತೈತಿ." ಅಂದು ಅವರು ಮೊಹರು ಒತ್ತಲಿಲ್ಲ.

ಹೋದ ಶ್ರಾವಣದಲ್ಲಿ ಅಂದಾನೆಪ್ಪನವರು ತೀರಿಕೊಂಡರು. ಮೊನ್ನೆ ಆ ಮನೆಗೆ ಹೋದಾಗ ತೊಟ್ಟಿ ಪಡಸಾಲೆಯಲ್ಲೇ ಇತ್ತು, ಫರ್ನ್ ಕಲ್ಲು ಕಾಣದಷ್ಟು ಹಬ್ಬಿತ್ತು, ರಾಚವ್ವ ಕನ್ನಡಕ ಮೂಗಿಗೇರಿಸಿ ಅದರದೇ ಹೊಸ ಸಸಿಯೊಂದನ್ನು ದಾರ ಸುತ್ತಿ ಕಲ್ಲಿಗೆ ಕಟ್ಟುತ್ತಿದ್ದರು. ಸತ್ತ ಮೀನಿನ ಸಂಗತಿ ಯಜಮಾನರಿಗೆ ತಿಳಿದಿತ್ತು, ಅದು ನಿಮಗೆ ಗೊತ್ತೇ ಎಂದು ಮೆಲ್ಲಗೆ ಕೇಳಿದೆ.

"ಜೀವನಪೂರ್ತಿ ಹತ್ತಿ ಅಂಡಗಿ, ಮೂಟಿ ಎಣಿಸಿದಾವ್ರಿಗೆ ಆರು ಮೀನ ಎಣಿಸಾಕ ಬರೂದಿಲ್ಲೇನ್ರಿ?" ಎಂದು ನಕ್ಕರು.

"ಮತ್ತ ನೀವು ಆಡಿದ ಮಾತು?"

ದಾರದ ಗಂಟು ಬಿಗಿದು ಕಲ್ಲನ್ನು ನೀರಿಗಿಳಿಸಿದರು. "ಅವರು ದಿನಾ ಅದರ ಮುಂದ ಕುಂತು ಕಲಿಯಾಕ ಹತ್ತಿದ್ರು. ಕಲಿಯೂ ಮನಿಷ್ಯಾನ ಪೆಟಗಿ ಹೆಂಗ ಹೊರಗ ಒಗಿಯೂದ್ರಿ?"

ಇಂಥವರದೇ ಒಂದು ವಂಶ. ಮನುಷ್ಯರೊಡನೆ ಜಗಳಕ್ಕೆ ನಿಂತರೆ ಜಗ್ಗದವರು, ಬಾಯಿಲ್ಲದ ಜೀವ 'ನೀನು ತಪ್ಪಿದೆ' ಎಂದರೆ ಮರುಮಾತಿಲ್ಲದೆ ತಲೆಬಾಗುವವರು. ಆಯುಷ್ಯವೆಲ್ಲ ಅನ್ನ ಕೊಟ್ಟ ಕೈವಿದ್ಯೆಯನ್ನೂ ಒಂದು ಎಲೆಯ ಸಲುವಾಗಿ ಇಳಿವಯಸ್ಸಿನಲ್ಲಿ ಬದಿಗಿಟ್ಟು ಮೊದಲಿನಿಂದ ಕಲಿಯುವವರು. ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಗಾಜಿನ ಪೆಟ್ಟಿಗೆಗಳು ಮಾತ್ರ ಹೆಚ್ಚುತ್ತಿವೆ. ಆದ್ದರಿಂದ ಓದಿ ತಲೆದೂಗಿ ಪುಟ ಮಗುಚಬೇಡಿ. ನಿಮ್ಮ ಮನೆಗೋ ಅಂಗಡಿಗೋ ಚಂದಕ್ಕೆಂದು ಜೀವವೊಂದನ್ನು ತಂದಿಟ್ಟಿದ್ದರೆ, ಇವತ್ತೇ ಕುರ್ಚಿ ಎಳೆದುಕೊಂಡು ಅದರೆದುರು ಕುಳಿತುಕೊಳ್ಳಿ. ಅದಕ್ಕೇನು ಬೇಕೆಂದು ತಿಳಿಯುವವರೆಗೆ ಏಳಬೇಡಿ.